ವಿಮಾನದಿಂದ ಮತಪೆಟ್ಟಿಗೆಗೆ: ಪುಣೆಯ ಕನ್ನಡ ಮನೆತನದ ಒಬ್ಬ ವೈಮಾನಿಕ

ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಹಳ್ಳಿಯ ಹುಡುಗ ಬಹಳ ವರ್ಷಗಳ ಹಿಂದೆ ನನ್ನ ಇತಿಹಾಸದ ತರಗತಿಯಲ್ಲಿ ಕುಳಿತಿದ್ದವನು. ಮುಂದೆ ವಾಯುಪಡೆ ಸೇರಿ, ವಿಮಾನ ಹಾರಿಸಿ, ಈಗ ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದಾನೆ. ಹೆಸರು ಹೇಳುವುದು ಬೇಡ. ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ನಮ್ಮೂರ ಹಿರ್‍ಯಾರು ಎಲೆಕ್ಷನ್‌ಗೆ ನಿಲ್ಲು ಅಂತ ಗಂಟು ಬಿದ್ದಾರ್ರಿ. ಹಿಂದ ನಮ್ಮಂಥ ಪೈಲಟ್‌ಗೋಳು ಯಾರರ ನಿಂತಾರೇನ್ರಿ? ನಿಂತವರದು ಏನಾತ್ರಿ?" ಎಂದು ಕೇಳಿದ. ಇತಿಹಾಸದ ಮೇಷ್ಟರಿಗೆ ಇಂಥ ಪ್ರಶ್ನೆ ಕೇಳಿದರೆ ಎರಡು ಮಾತಿನಲ್ಲಿ ಉತ್ತರ ಬರುವುದಿಲ್ಲ ಎಂಬುದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿಯೇ. ಅವನಿಗೆ ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊರಗಿನದಲ್ಲ. 1963ರ ಸೆಪ್ಟೆಂಬರ್‌ನಲ್ಲಿ ಆಗಿನ ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಅಲ್ಲಿಂದಾಚೆಗೆ ಜೋಳದ ಹೊಲಗಳ ನಡುವೆ ಬೆಳೆದ ಎಷ್ಟೋ ಮಕ್ಕಳು ಪುಣೆಯ ಬಳಿಯ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೆಟ್ಟಿಲು ಹತ್ತಿದರು. ಬುರಣಾಪುರದ ಹತ್ತಿರ ವಿಮಾನ ನಿಲ್ದಾಣದ ಕಾಮಗಾರಿ ಆರಂಭವಾಗುವುದಕ್ಕೆ ಎಷ್ಟೋ ದಶಕಗಳ ಮೊದಲೇ ಈ ಊರಿನ ಹುಡುಗರು ವಿಮಾನ ಹಾರಿಸುವುದನ್ನು ಕಲಿತಿದ್ದರು. ಪುಣೆಯೂ ನಮಗೆ ದೂರದ ಊರಲ್ಲ. ದೊಡ್ಡ ಕಾಯಿಲೆಗೆ, ಕೂಲಿಗೆ, ಓದಿಗೆ, ನೌಕರಿಗೆ ನಮ್ಮವರು ಸೊಲ್ಲಾಪುರದ ಮೇಲೆಯೋ, ತಿಕೋಟಾ ದಾಟಿ ಅಥಣಿ ಮಿರಜ ಮಾರ್ಗವಾಗಿಯೋ ಅಲ್ಲಿಗೆ ಹೋಗಿ ಬಂದವರೇ. ನಾನು ಹೇಳಹೊರಟಿರುವ ವ್ಯಕ್ತಿ ಆ ಪುಣೆಯವರು, ಮೂಲತಃ ಕನ್ನಡ ನಾಡಿನ ಮನೆತನದವರು. ಅವರು ಸುರೇಶ ಕಲ್ಮಾಡಿ.

ಹೆಸರು ಓದಿದೊಡನೆ ಕೆಲವರ ಮುಖ ಸಿಂಡರಿಸಿರಬಹುದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸುದ್ದಿಗಳನ್ನು ಓದಿದವರಿಗೆ ಆ ಹೆಸರಿನೊಡನೆ ಬೇರೇನೂ ನೆನಪಾಗುವುದಿಲ್ಲ. ಆದರೆ ಒಬ್ಬ ಮನುಷ್ಯನ ಬಾಳಿನ ಕಡೆಯ ಅಧ್ಯಾಯವನ್ನು ಮಾತ್ರ ಓದಿ ಪುಸ್ತಕ ಮುಚ್ಚಿಡುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದು. ಸ್ವಲ್ಪ ತಾಳ್ಮೆಯಿಂದ ಮೊದಲಿನಿಂದ ನೋಡೋಣ.

ಕಲ್ಮಾಡಿ ಎಂಬುದು ಉಡುಪಿಯ ಕಡಲತಡಿಯ ಒಂದು ಊರು. ಆ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತು ಪುಣೆಯಲ್ಲಿ ನೆಲೆಸಿದವರು ಡಾಕ್ಟರ್ ಶಾಮರಾವ್ ಕಲ್ಮಾಡಿ. ವೃತ್ತಿಯಿಂದ ವೈದ್ಯರು. ಪುಣೆಯ ಕನ್ನಡ ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಅವರ ಹೆಸರು ದೊಡ್ಡದು. ಸಂಘದ ಪ್ರೌಢಶಾಲೆಗೆ ಅವರದೇ ಹೆಸರು. ಪರನಾಡಿನಲ್ಲಿ ಕನ್ನಡ ಶಾಲೆ ನಡೆಸುವುದೆಂದರೆ ಏನೆಂಬುದು ಶಾಲೆಯಲ್ಲಿ ಬಾಳು ಸವೆಸಿದವರಿಗೆ ಗೊತ್ತು. ಹೋಟೆಲಿನವರು, ಗುಮಾಸ್ತರು, ರೈಲ್ವೆ ನೌಕರರು ಇಂಥವರ ಮನೆಬಾಗಿಲಿಗೆ ಹೋಗಿ ಮಕ್ಕಳನ್ನು ಕಳಿಸಿರೆಂದು ಕೇಳಬೇಕು, ವಂತಿಗೆ ಕೇಳಬೇಕು, ಕೊಟ್ಟ ಪ್ರತಿ ರೂಪಾಯಿಗೆ ರಸೀದಿ ಬರೆದು ವರ್ಷದ ಕೊನೆಗೆ ಸಭೆಯಲ್ಲಿ ಲೆಕ್ಕ ಓದಿ ಹೇಳಬೇಕು. ಆ ರಸೀದಿ ಪುಸ್ತಕವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದೆ ಬೇಕಾಗುತ್ತದೆ.

ಮಗ ಸುರೇಶ ಹುಟ್ಟಿದ್ದು 1944ರ ಮೇ 1ರಂದು. ಪುಣೆಯ ಸೇಂಟ್ ವಿನ್ಸೆಂಟ್ ಶಾಲೆ, ಫರ್ಗ್ಯೂಸನ್ ಕಾಲೇಜು, 1960ರಲ್ಲಿ ಖಡಕವಾಸ್ಲಾ. 1964ರಲ್ಲಿ ವಾಯುಪಡೆಯ ವೈಮಾನಿಕರಾದರು. ಮರುವರ್ಷವೇ ಪಾಕಿಸ್ತಾನದೊಡನೆ ಯುದ್ಧ. ಆರು ವರ್ಷಗಳ ನಂತರ 1971ರಲ್ಲಿ ಇನ್ನೊಂದು ಯುದ್ಧ. ಎರಡರಲ್ಲೂ ಅವರು ಸೇವೆಯಲ್ಲಿದ್ದರು. 1972ರಿಂದ ಎರಡು ವರ್ಷ ಖಡಕವಾಸ್ಲಾದಲ್ಲಿ ಕಿರಿಯರಿಗೆ ತರಬೇತಿ ಕೊಟ್ಟು 1974ರಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ ಸೇವೆ ಬಿಟ್ಟರು. ವಯಸ್ಸು ಮೂವತ್ತು. ಪುಣೆಯಲ್ಲಿ ಪೂನಾ ಕಾಫಿ ಹೌಸ್ ನಡೆಸಿದರು. ಕಾಲೇಜು ಹುಡುಗರು ಗಂಟೆಗಟ್ಟಲೆ ಕುಳಿತು ಹರಟುವ ಜಾಗ ಅದು. ರಾಜಕಾರಣದ ಮೊದಲ ಪಾಠಶಾಲೆ ಚಹಾದಂಗಡಿಯೇ ಎಂಬುದನ್ನು ನಮ್ಮ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಂಜೆ ಅಡ್ಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1977ರಲ್ಲಿ, ಕಾಂಗ್ರೆಸ್ ದೇಶದಾದ್ಯಂತ ನೆಲಕಚ್ಚಿದ ವರ್ಷದಲ್ಲಿ, ಅವರು ಪುಣೆಯ ಯುವ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಗೆದ್ದೆತ್ತಿನ ಬಾಲ ಹಿಡಿಯುವುದೇ ಲೋಕರೂಢಿಯಾಗಿರುವಾಗ ಸೋತವರ ಪಾಳಯ ಸೇರಿದ್ದು ಗಮನಿಸಬೇಕಾದ ಸಂಗತಿ. ಶರದ್ ಪವಾರರ ಜೊತೆಗೂಡಿ ಬೆಳೆದು 1982ರಲ್ಲಿ ರಾಜ್ಯಸಭೆಗೆ ಹೋದರು. 1983ರಲ್ಲಿ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್, 1989ರಲ್ಲಿ ಪುಣೆ ಉತ್ಸವ ಅವರ ಮುಂದಾಳುತನದಲ್ಲಿ ಆರಂಭವಾದವು. 1994ರ ರಾಷ್ಟ್ರೀಯ ಕ್ರೀಡೆಗಳು ಪುಣೆಗೆ ಬಂದದ್ದರಲ್ಲಿಯೂ ಅವರ ಕೈವಾಡ ಹಿರಿದು. ಯುದ್ಧವಿಮಾನದ ಕಥೆ ಹೇಳಿ ಮತ ಕೇಳಿದ್ದಕ್ಕಿಂತ ಸಾವಿರಾರು ಜನರನ್ನು ಒಂದು ದಿನ ಒಂದೆಡೆ ಕೂಡಿಸಿ, ಹೊತ್ತಿಗೆ ಸರಿಯಾಗಿ ಎಲ್ಲವನ್ನೂ ನಡೆಸಿ ತೋರಿಸಿದ್ದರಿಂದಲೇ ಅವರು ನಗರದ ನಾಯಕರಾದರೆಂದು ನನಗೆ ತೋರುತ್ತದೆ. ಸೇನೆಯಿಂದ ಅವರು ತಂದ ನಿಜವಾದ ಬಂಡವಾಳ ಅದೇ.

ಅದೇ ಕಾಲದ ಇನ್ನೊಬ್ಬ ವೈಮಾನಿಕರನ್ನು ಇವರ ಪಕ್ಕದಲ್ಲಿಟ್ಟು ನೋಡಬೇಕು. ಉತ್ತರ ಪ್ರದೇಶದ ವೈದಪುರ ಎಂಬ ಹಳ್ಳಿಯ ರಾಜೇಶ್ವರ ಪ್ರಸಾದ್. ಹುಡುಗನಾಗಿದ್ದಾಗ ದಿಲ್ಲಿಯ ದೊಡ್ಡವರ ಬಂಗಲೆಗಳಿಗೆ ಹಾಲು ಹಾಕಿ ಓದಿದವರು. ವಾಯುಪಡೆ ಸೇರಿ, 1971ರ ಯುದ್ಧದಲ್ಲಿದ್ದು, ಸ್ಕ್ವಾಡ್ರನ್ ಲೀಡರ್ ಆಗಿ ಹೊರಬಂದು 1980ರಲ್ಲಿ ರಾಜಸ್ಥಾನದ ಭರತಪುರದಿಂದ ಲೋಕಸಭೆಗೆ ಗೆದ್ದರು. ಜನ ಅವರನ್ನು ಪೈಲಟ್ ಎಂದೇ ಗುರುತಿಸಿದರು, ಅವರೂ ಆ ಹೆಸರನ್ನೇ ಇಟ್ಟುಕೊಂಡರು. ರಾಜೇಶ್ ಪೈಲಟ್ ಎಂದು ದೇಶಕ್ಕೆ ಗೊತ್ತಾದವರು ಅವರೇ. ವೃತ್ತಿಯ ಹೆಸರು ಮನೆತನದ ಹೆಸರಾಗಿ ಮಗನಿಗೂ ಬಂತು. ಕಲ್ಮಾಡಿಯವರು ಮಾತ್ರ ಮೊದಲ ಹದಿನಾಲ್ಕು ವರ್ಷ ಶಾಸಕರ ಮತದಿಂದ ರಾಜ್ಯಸಭೆಗೆ ಹೋದವರು. ಮತದಾರನ ಮುಂದೆ ಕೈಮುಗಿದು ನಿಂತು ಗೆದ್ದದ್ದು 1996ರಲ್ಲಿ, ಪುಣೆ ಲೋಕಸಭಾ ಕ್ಷೇತ್ರದಲ್ಲಿ. ಈ ವ್ಯತ್ಯಾಸ ಸಣ್ಣದಲ್ಲ.

ನಡುವೆ 1995–96ರಲ್ಲಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದರು. ಅದಕ್ಕೆ ಮುಂಚೆ ರೈಲ್ವೆ ಮಂತ್ರಿಯಾಗಿದ್ದವರು ಚಿತ್ರದುರ್ಗ ಜಿಲ್ಲೆಯ ನಮ್ಮ ಜಾಫರ್ ಷರೀಫರು. ದೇಶದ ಹಳಿಗಳನ್ನೆಲ್ಲ ಬ್ರಾಡ್‌ಗೇಜ್ ಮಾಡುವ ಯೋಜನೆಗೆ ಕೈಹಾಕಿದವರು. 1996ರ ಫೆಬ್ರುವರಿಯಲ್ಲಿ ರೈಲ್ವೆಯ ಮಧ್ಯಂತರ ಮುಂಗಡ ಪತ್ರವನ್ನು ಮಂಡಿಸಿದವರು ಕಲ್ಮಾಡಿ. ಸಂಪುಟ ದರ್ಜೆಯಿಲ್ಲದ ಮಂತ್ರಿಗೆ ಅಂಥ ಅವಕಾಶ ಸಿಕ್ಕದ್ದು ಅಪರೂಪ. ಆಗಿನ್ನೂ ನಮ್ಮ ಹೋಟಗಿ–ಗದಗ ಮಾರ್ಗ ಮೀಟರ್ ಗೇಜೇ. ಪುಣೆಗೆ ಹೊರಟವರು ಗಂಟುಮೂಟೆ ಹೊತ್ತು ಸೊಲ್ಲಾಪುರದಲ್ಲಿ ಗಾಡಿ ಬದಲಿಸಬೇಕಿತ್ತು. ಆ ರಾತ್ರಿಗಳ ಬಗ್ಗೆ ಇನ್ನೊಮ್ಮೆ ಬರೆದೇನು.

ಇನ್ನು 1998. ಕಾಂಗ್ರೆಸ್ಸಿನಿಂದ ದೂರವಾದ ಕಲ್ಮಾಡಿಯವರು ಭಾರತೀಯ ಜನತಾ ಪಕ್ಷ ಮತ್ತು ಶಿವಸೇನೆಯ ಬೆಂಬಲದೊಡನೆ ಪಕ್ಷೇತರರಾಗಿ ಪುಣೆಯಲ್ಲಿ ನಿಂತರು. ಕಾಂಗ್ರೆಸ್ಸಿನ ವಿಠ್ಠಲ ತುಪೆಯವರ ಎದುರು ಸೋತರು. ಎರಡು ಯುದ್ಧ ಕಂಡ ವೈಮಾನಿಕ, ಮಾಜಿ ಮಂತ್ರಿ, ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ, ನಗರಕ್ಕೆ ಕ್ರೀಡೆ ಮತ್ತು ಉತ್ಸವ ತಂದವರು. ಇಷ್ಟೆಲ್ಲ ಇದ್ದೂ ಮತದಾರ ಒಪ್ಪಲಿಲ್ಲ. ಎರಡು ವರ್ಷದ ಹಿಂದೆ ಒಂದು ಚಿಹ್ನೆಗೆ ಮತ ಕೇಳಿದವರು ಈಗ ಅದರ ಎದುರಾಳಿಗಳ ಬೆಂಬಲದಿಂದ ಬಂದರೆ ಜನ ಲೆಕ್ಕ ಕೇಳುತ್ತಾರೆ. ಅದೇ ವರ್ಷ ಅವರು ಮತ್ತೆ ಪಕ್ಷೇತರರಾಗಿ ರಾಜ್ಯಸಭೆ ಸೇರಿದರು, ಬಳಿಕ ಕಾಂಗ್ರೆಸ್ಸಿಗೆ ಮರಳಿ 2004 ಮತ್ತು 2009ರಲ್ಲಿ ಪುಣೆಯನ್ನು ಗೆದ್ದರು. ಬಿದ್ದು ಎದ್ದದ್ದನ್ನು ನಾನು ಸಣ್ಣದು ಮಾಡುವುದಿಲ್ಲ.

ಈಗ ಕಷ್ಟದ ಭಾಗಕ್ಕೆ ಬರಬೇಕು. 1996ರಿಂದ ಅವರು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರು. 2003ರಲ್ಲಿ ಭಾರತ 2010ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಪಡೆಯಿತು. ಕೂಟ ಬೇಡುವಾಗ ಸಲ್ಲಿಸಿದ ದಾಖಲೆಯಲ್ಲಿ ಸಂಘಟನಾ ಸಮಿತಿ ಸರ್ಕಾರದ ಒಡೆತನದಲ್ಲಿರಬೇಕೆಂಬ ಕಲ್ಪನೆ ಇತ್ತು. ಆದರೆ 2005ರಲ್ಲಿ ಅದು ನೋಂದಾಯಿತ ಸೊಸೈಟಿಯಾಗಿ ರೂಪುಗೊಂಡಿತು, ಕಲ್ಮಾಡಿ ಅದರ ಅಧ್ಯಕ್ಷರಾದರು. ಆಗ ಕ್ರೀಡಾ ಮಂತ್ರಿಯಾಗಿದ್ದ ಸುನೀಲ್ ದತ್ತರು ಆಕ್ಷೇಪ ಎತ್ತಿದ್ದರು. ಫಲ ಕಾಣಲಿಲ್ಲ. ಹಣ ಸರ್ಕಾರದ್ದು, ಹಿಡಿತ ಸರ್ಕಾರದ್ದಲ್ಲ. 2011ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಬೆರಳಿಟ್ಟು ತೋರಿಸಿದ್ದು ಈ ಬೇರನ್ನೇ.

ಇಲ್ಲಿ ನನ್ನ ವಾಯುಪಡೆಯ ಶಿಷ್ಯರು ಹೇಳಿದ್ದೊಂದು ಮಾತು ನೆನಪಿಗೆ ಬರುತ್ತದೆ. ಹಾರುವ ಮೊದಲು ವಿಮಾನದ ದಾಖಲೆ ಪುಸ್ತಕದಲ್ಲಿ ತಂತ್ರಜ್ಞರು ಸಹಿ ಹಾಕಿರಬೇಕು. ಪೈಲಟ್ ಅದನ್ನು ಓದಿ, ವಿಮಾನದ ಸುತ್ತ ತಾನೇ ನಡೆದು ನೋಡಿ, ತನ್ನ ಸಹಿ ಹಾಕಬೇಕು. ಎಷ್ಟೇ ಹಿರಿಯ ಅಧಿಕಾರಿಯಾದರೂ ಇದಕ್ಕೆ ವಿನಾಯಿತಿ ಇಲ್ಲ. ಆಕಾಶದಲ್ಲಿ ಅವನು ಕ್ಷಣಾರ್ಧದಲ್ಲಿ ಒಬ್ಬನೇ ನಿರ್ಧಾರ ತೆಗೆದುಕೊಳ್ಳುತ್ತಾನೆ ನಿಜ, ಆದರೆ ನೆಲದ ಮೇಲೆ ಹತ್ತು ಕಣ್ಣುಗಳು ಆ ಯಂತ್ರವನ್ನು ನೋಡಿರುತ್ತವೆ. ಜನರು ಸೈನಿಕನನ್ನು ಕಂಡು "ಇವನು ಧೈರ್ಯವಂತ, ಬೇಗ ಕೆಲಸ ಮಾಡಿ ಮುಗಿಸುತ್ತಾನೆ" ಎಂದು ಮೆಚ್ಚುವಾಗ ಆಕಾಶದ ಅರ್ಧವನ್ನು ಮಾತ್ರ ಕಾಣುತ್ತಾರೆ, ನೆಲದ ಅರ್ಧವನ್ನು ಮರೆಯುತ್ತಾರೆ. ದಿಲ್ಲಿಯ ಸಂಘಟನಾ ಸಮಿತಿಯಲ್ಲಿ ಇದ್ದದ್ದು ಆಕಾಶದ ಅರ್ಧ. ಸಹಿಯ ಪುಸ್ತಕ ಇರಲಿಲ್ಲ. ತಂದೆಯ ಸಂಘದಲ್ಲಿದ್ದ ರಸೀದಿ ಪುಸ್ತಕ ಎಂದು ಬೇಕಾದರೂ ಹೇಳಬಹುದು.

ಕೂಟ 2010ರ ಅಕ್ಟೋಬರ್ 3ರಿಂದ 14ರವರೆಗೆ ನಡೆಯಿತು. ಭಾರತ 38 ಚಿನ್ನ ಸೇರಿ 101 ಪದಕ ಗೆದ್ದು ಎರಡನೆಯ ಸ್ಥಾನಕ್ಕೆ ಬಂತು. ಕೊಡಗಿನ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆಗೂಡಿ ಬ್ಯಾಡ್ಮಿಂಟನ್ ಚಿನ್ನ ಗೆದ್ದಳು. 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅಶ್ವಿನಿ ಅಕ್ಕುಂಜಿ ಇದ್ದಳು. ಅವಳು ಕಲ್ಮಾಡಿ ಮನೆತನದ ಮೂಲ ನೆಲವಾದ ಉಡುಪಿ ಜಿಲ್ಲೆಯವಳೇ. ವಿಕಾಸ್ ಗೌಡ ಡಿಸ್ಕಸ್ಸಿನಲ್ಲಿ ಬೆಳ್ಳಿ ತಂದ. ಕೂಟ ಎಂದರೆ ಹಗರಣ ಎಂದಷ್ಟೇ ಬರೆದಿಡುವುದು ಈ ಮಕ್ಕಳಿಗೆ ಅನ್ಯಾಯ.

ಪದಕಗಳ ಸಂಭ್ರಮ ಆರುವ ಮೊದಲೇ ತನಿಖೆಗಳು ಆರಂಭವಾದವು. ವಿ. ಕೆ. ಶುಂಗ್ಲು ನೇತೃತ್ವದ ಸಮಿತಿ ಕುಳಿತಿತು. ಸಮಯ ಮತ್ತು ಅಂಕ ದಾಖಲಿಸುವ ಉಪಕರಣಗಳಿಗಾಗಿ ಒಂದು ಸ್ವಿಸ್ ಕಂಪನಿಗೆ ಸುಮಾರು 141 ಕೋಟಿ ರೂಪಾಯಿಯ ಗುತ್ತಿಗೆ ಕೊಟ್ಟದ್ದರಲ್ಲಿ ಬೊಕ್ಕಸಕ್ಕೆ 90 ಕೋಟಿಗೂ ಮಿಕ್ಕಿ ನಷ್ಟವಾಯಿತೆಂಬುದು ಸಿಬಿಐ ಹೊರಿಸಿದ ಆರೋಪ. 2011ರ ಏಪ್ರಿಲ್ 25ರಂದು ಕಲ್ಮಾಡಿ ಬಂಧಿತರಾದರು. ಪಕ್ಷ ಅಮಾನತು ಮಾಡಿತು. ತಿಹಾರ್ ಸೆರೆಮನೆಯಲ್ಲಿ ಸುಮಾರು ಒಂಬತ್ತು ತಿಂಗಳು ಕಳೆದು 2012ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. 2014ರ ಚುನಾವಣೆಯಲ್ಲಿ ಪುಣೆಯ ಟಿಕೆಟ್ ಬೇರೆಯವರಿಗೆ ಹೋಯಿತು. 2016ರ ಡಿಸೆಂಬರ್‌ನಲ್ಲಿ ಒಲಿಂಪಿಕ್ ಸಂಸ್ಥೆ ಅವರನ್ನು ಆಜೀವ ಅಧ್ಯಕ್ಷರೆಂದು ಗೌರವಿಸಲು ಹೊರಟಾಗ ದೇಶದಾದ್ಯಂತ ಕೂಗೆದ್ದಿತು. ಆರೋಪಮುಕ್ತನಾಗುವವರೆಗೆ ಆ ಗೌರವ ಬೇಡವೆಂದು ಅವರೇ ಹಿಂದೆ ಸರಿದರು.

ಇಷ್ಟು ಬರೆದು ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಬಂಧನದ ಸುದ್ದಿ ಮೊದಲ ಪುಟದಲ್ಲಿ ಬಂದಿತ್ತು. ಹದಿನಾಲ್ಕು ವರ್ಷಗಳ ನಂತರ, 2025ರ ಏಪ್ರಿಲ್‌ನಲ್ಲಿ, ಕೂಟಕ್ಕೆ ಸಂಬಂಧಿಸಿದ ಹಣದ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಸಲ್ಲಿಸಿದ್ದ ಮುಕ್ತಾಯ ವರದಿಯನ್ನು ದಿಲ್ಲಿಯ ನ್ಯಾಯಾಲಯ ಅಂಗೀಕರಿಸಿತು. ಈ ಸುದ್ದಿಯನ್ನು ನಿಮ್ಮಲ್ಲಿ ಎಷ್ಟು ಮಂದಿ ಓದಿದ್ದೀರಿ? ಲೆಕ್ಕ ಸರಿಯಾಗಿ ಇಟ್ಟಿದ್ದರೆ ಕಳ್ಳನೆಂದು ಕರೆಯುವವರ ಬಾಯಿಯೂ ಕಟ್ಟುತ್ತಿತ್ತು, ನಿರಪರಾಧಿಯ ಬಾಳಿನ ಹದಿನಾಲ್ಕು ವರ್ಷವೂ ಉಳಿಯುತ್ತಿತ್ತು. ಲೆಕ್ಕದ ಪುಸ್ತಕ ಮೊದಲು ಕಾಯುವುದು ಅಧಿಕಾರದಲ್ಲಿ ಕುಳಿತವನನ್ನೇ ಎಂದು ನಾನು ಶಾಲೆಯಲ್ಲಿ ಪ್ರವಾಸದ ಹಣ ಕೂಡಿಸುವಾಗ ಕಿರಿಯ ಶಿಕ್ಷಕರಿಗೆ ಹೇಳುತ್ತಿದ್ದೆ.

ಸಮವಸ್ತ್ರದ ಗೌರವ ಮತವಾಗಿ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಒಂದೇ ಉತ್ತರವಿಲ್ಲ. ಕೊಡಗಿನ ಜನರಲ್ ಕಾರ್ಯಪ್ಪನವರಿಗಿಂತ ದೊಡ್ಡ ಸೇನಾನಿ ಕನ್ನಡ ನಾಡಿಗೆ ಇನ್ನಾರು? ಅವರ ಮಗ 1965ರ ಯುದ್ಧದಲ್ಲಿ ಯುದ್ಧವಿಮಾನದೊಡನೆ ಉರುಳಿ ಪಾಕಿಸ್ತಾನದ ಸೆರೆಯಾದ. ಬಿಡಿಸಿಕೊಡುತ್ತೇನೆಂದು ಅಯೂಬ್ ಖಾನ್ ಹೇಳಿಕಳಿಸಿದಾಗ ಉಳಿದ ಸೆರೆಯಾಳುಗಳಿಗಿಂತ ಬೇರೆಯಾಗಿ ಮಗನನ್ನು ಕಾಣಬೇಡಿರೆಂದ ತಂದೆ ಅವರು. ಆ ಕಾರ್ಯಪ್ಪನವರು 1971ರಲ್ಲಿ ಮುಂಬಯಿಯ ಒಂದು ಕ್ಷೇತ್ರದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಅಮೆರಿಕದ ಜಾರ್ಜ್ ಮೆಕ್‌ಗವರ್ನ್ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ 35 ಸಲ ಶತ್ರುನೆಲದ ಮೇಲೆ ಹೋಗಿಬಂದವರು. 1972ರಲ್ಲಿ ನಿಕ್ಸನ್ ಎದುರು ಅವರಿಗೆ ದಕ್ಕಿದ್ದು ಒಂದೇ ರಾಜ್ಯ ಮತ್ತು ರಾಜಧಾನಿ. ಅದೇ ಒಡಿಶಾದ ಬಿಜು ಪಟ್ನಾಯಕರು ಯುದ್ಧಕಾಲದಲ್ಲಿ ವಾಯುಪಡೆಯ ವೈಮಾನಿಕರಾಗಿದ್ದು, 1947ರಲ್ಲಿ ಡಚ್ಚರ ಕಣ್ತಪ್ಪಿಸಿ ಇಂಡೋನೇಷ್ಯಾದ ನಾಯಕ ಶಹರೀರರನ್ನು ವಿಮಾನದಲ್ಲಿ ಕರೆತಂದು, ಮುಂದೆ ಎರಡು ಬಾರಿ ಮುಖ್ಯಮಂತ್ರಿಯಾದರು. ನಮ್ಮ ಕ್ಯಾಪ್ಟನ್ ಗೋಪಿನಾಥರನ್ನು ಅನೇಕರು ಪೈಲಟ್ ಎಂದೇ ತಿಳಿದಿದ್ದಾರೆ. ಅವರು ಭೂಸೇನೆಯ ಅಧಿಕಾರಿ, ವಿಮಾನ ಸಂಸ್ಥೆ ಕಟ್ಟಿದ್ದು ಆಮೇಲೆ. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ನಿಂತು ಸೋತರು. 2024ರಲ್ಲಿ ದಕ್ಷಿಣ ಕನ್ನಡದಲ್ಲಿ ಕ್ಯಾಪ್ಟನ್ ಬ್ರಿಜೇಶ್ ಚೌಟ ಗೆದ್ದರು. ಪಕ್ಷದ ಚಿಹ್ನೆ ಇತ್ತು.

ಇನ್ನು ನಮ್ಮ ಹುಡುಗನ ವಿಷಯ. ಸೇವೆಯಲ್ಲಿರುವವರೆಗೆ ಸ್ಪರ್ಧಿಸುವಂತಿಲ್ಲ, ಅದು ಲಾಭದ ಹುದ್ದೆ. ಸಂವಿಧಾನದ 102 ಮತ್ತು 191ನೆಯ ವಿಧಿಗಳು ಅಡ್ಡ ಬರುತ್ತವೆ. ವಿಜಯಪುರ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ವಿಧಾನಸಭೆಗೆ ಹಳೆಯ ತಿಕೋಟಾ ಕ್ಷೇತ್ರ ಈಗಿಲ್ಲ. 2008ರಲ್ಲಿ ಬಬಲೇಶ್ವರ ಕ್ಷೇತ್ರ ಬಂತು, ಆಗಿನಿಂದ 2023ರವರೆಗೆ ನಾಲ್ಕು ಚುನಾವಣೆಗಳಲ್ಲಿಯೂ ಗೆದ್ದವರು ಎಂ. ಬಿ. ಪಾಟೀಲರು. ಠೇವಣಿ 10,000 ರೂಪಾಯಿ, ಚಲಾವಣೆಯಾದ ಸಿಂಧು ಮತಗಳ ಆರನೆಯ ಒಂದು ಪಾಲು ಬಾರದಿದ್ದರೆ ಅದು ಹೋದಂತೆ. ವೆಚ್ಚದ ಮಿತಿಯನ್ನು 2022ರಲ್ಲಿ 40 ಲಕ್ಷಕ್ಕೆ ಏರಿಸಿದ್ದಾರೆ; ನಿವೃತ್ತ ಅಧಿಕಾರಿಯ ಪಿಂಚಣಿಯೊಡನೆ ಆ ಅಂಕಿಯನ್ನು ಹೋಲಿಸಿ ನೋಡು ಎಂದೆ. ಅವನು ನಕ್ಕ.

ಇನ್ನೂ ಒಂದನ್ನು ಹೇಳಿದೆ. ಪ್ರಚಾರದಲ್ಲಿ ರಕ್ಷಣಾ ಸಿಬ್ಬಂದಿಯ ಚಿತ್ರಗಳನ್ನು ಬಳಸಕೂಡದೆಂದು ಚುನಾವಣಾ ಆಯೋಗ 2013ರಲ್ಲಿ ತಿಳಿಸಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿತು. ಆದ್ದರಿಂದ ವಿಮಾನದ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತ ಫೋಟೋವನ್ನು ಊರಿನ ಹಿರಿಯರು ಬ್ಯಾನರಿಗೆ ಹಾಕಲು ಹೊರಟರೆ ತಡೆಯಬೇಕಾದವನು ನೀನೇ. ನಮ್ಮ ಕಡೆಯ ರೈತ ಮೊದಲು ಕೇಳುವುದಂತೂ ನೀರಿನ ಮಾತು. ತುಬಚಿ–ಬಬಲೇಶ್ವರ ಏತ ನೀರಾವರಿಯ ಕಾಲುವೆ ನನ್ನ ಹೊಲಕ್ಕೆ ಎಂದು ಬರುತ್ತದೆ, ಕೆರೆ ಎಂದು ತುಂಬುತ್ತದೆ, ಒಣದ್ರಾಕ್ಷಿಗೆ ದರ ಏಕೆ ಬಿತ್ತು ಎಂದು ಅವನು ಕೇಳುತ್ತಾನೆ. ಆಗ 1971ರ ಯುದ್ಧದ ಕಥೆಯಾಗಲಿ, ಕಾರ್ಗಿಲ್ಲಿನ ಕಥೆಯಾಗಲಿ ನೆರವಿಗೆ ಬರುವುದಿಲ್ಲ. ಎಷ್ಟು ಕೆರೆ, ಎಷ್ಟು ಹಣ, ಯಾರ ಸಹಿ ಎಂಬುದನ್ನು ಓದಿ ತಿಳಿದಿರಬೇಕು. "ಇನ್ನೂ ಎರಡು ವರ್ಷ ಊರಾಗ ಇದ್ದು ನೋಡ್ತೀನ್ರಿ ಸರ್" ಎಂದ.

ಪುಣೆಯಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಮತ್ತು ಬಂಧುಗಳು ಬಹಳ ಮಂದಿ ಇದ್ದೀರಿ. ಕಲ್ಮಾಡಿ ಶಾಮರಾವ್ ಪ್ರೌಢಶಾಲೆಯಲ್ಲಿ ಓದಿದವರೂ, 1998ರ ಪುಣೆ ಚುನಾವಣೆಯನ್ನು ಕಣ್ಣಾರೆ ಕಂಡವರೂ ನಿಮ್ಮಲ್ಲಿರಬಹುದು. ಆ ದಿನಗಳಲ್ಲಿ ಅಲ್ಲಿಯ ಕನ್ನಡ ಮನೆಗಳಲ್ಲಿ ಏನು ಮಾತು ನಡೆಯುತ್ತಿತ್ತೆಂಬುದನ್ನು ಬರೆದು ತಿಳಿಸಿದರೆ ಈ ಬರಹಕ್ಕೆ ಸೇರಿಸುತ್ತೇನೆ.